ಬರಿಗಾಲ ಅಯ್ಯರ್ ಮತ್ತು ಮುಡುಕುತೊರೆಯ ಮೊಬೈಲ್ ಹುಡುಗರು

ಮುಡುಕುತೊರೆ ಜಾತ್ರೆ ಎಂದರೆ ದನಗಳ ಜಾತ್ರೆ. ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ಕೆಳಗೆ ಹೋರಿಗಳು ಸಾಲುಗಟ್ಟಿ ನಿಲ್ಲುವುದು, ಹಲ್ಲು ನೋಡಿ ಸುಳಿ ನೋಡಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು, ಇದೆಲ್ಲ ನಮ್ಮ ಟಿ. ನರಸೀಪುರ ತಾಲ್ಲೂಕಿನವರಿಗೆ ಹೊಸದೇನಲ್ಲ. ಈಚೆಗೆ ಇದರ ಜೊತೆಗೆ ಇನ್ನೊಂದು ಜಾತಿಯ ಜನ ಸೇರಿಕೊಂಡಿದ್ದಾರೆ. ಕೋಲಿನ ತುದಿಗೆ ಮೊಬೈಲ್ ಸಿಕ್ಕಿಸಿಕೊಂಡು, ಹೋರಿಯ ಕೊಂಬಿನ ಹತ್ತಿರಕ್ಕೇ ಹೋಗಿ, "ನೋಡಿ ಸ್ನೇಹಿತರೇ" ಎಂದು ಶುರು ಹಚ್ಚಿಕೊಳ್ಳುವ ಹುಡುಗರು.

ಇವರನ್ನು ಕಂಡರೆ ಹಿರಿಯರಿಗೆ ಆಗುವುದಿಲ್ಲ. "ಕೆಲಸ ಇಲ್ಲ, ಬೊಗಸೆ ಇಲ್ಲ, ಊರೂರು ಅಲೀತಾವೆ" ಅನ್ನುತ್ತಾರೆ. ಹುಡುಗರನ್ನು ಕೇಳಿದರೆ ಉತ್ತರ ಬೇರೆ. ಇವತ್ತು ಯೂಟ್ಯೂಬು, ನಾಳೆ ಸೀರಿಯಲ್ಲು, ನಾಡಿದ್ದು ಸಿನಿಮಾ. ದಾರಿ ನೇರವಾಗಿದೆ ಎಂದೇ ಅವರ ನಂಬಿಕೆ.

ದಾರಿ ಅಷ್ಟು ನೇರವಾಗಿಲ್ಲ ಸ್ವಾಮಿ. ಹಾಗಂತ ದಾರಿಯೇ ಇಲ್ಲ ಅನ್ನುವುದೂ ತಪ್ಪು. ಈ ಎರಡು ಮಾತಿಗೂ ಸಾಕ್ಷಿ ಹುಡುಕಿಕೊಂಡು ಬೆಂಗಳೂರು, ಮುಂಬಯಿಗೆ ಹೋಗಬೇಕಾಗಿಲ್ಲ. ಪಕ್ಕದ ನಂಜನಗೂಡಿನಲ್ಲೇ ಇದೆ.

ನಂಜನಗೂಡಿನ ಗಣಪತಿ

1917ರ ಸೆಪ್ಟೆಂಬರ್ 3ರಂದು ನಂಜನಗೂಡಿನಲ್ಲಿ ಒಂದು ಮಗು ಹುಟ್ಟಿತು. ಗಣಪತಿ ವೆಂಕಟರಮಣ ಅಯ್ಯರ್ ಅಂತ ಹೆಸರು. ಮುಂದೆ ದೇಶಕ್ಕೆಲ್ಲ ಜಿ.ವಿ. ಅಯ್ಯರ್ ಆದವರು ಇವರೇ. ಎಳೆಯ ವಯಸ್ಸಿನಲ್ಲೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ಸೇರಿದರು. ಕಂಪನಿಯಲ್ಲಿ ಇಂಥದೇ ಕೆಲಸ ಅಂತ ಇರುವುದಿಲ್ಲ. ಬಣ್ಣ ಹಚ್ಚು ಅಂದರೆ ಹಚ್ಚಬೇಕು, ಪರದೆ ಎಳೆ ಅಂದರೆ ಎಳೆಯಬೇಕು. ಈಗಿನ ಹುಡುಗರು ಒಬ್ಬರೇ ಕ್ಯಾಮೆರಾ, ಮಾತು, ಎಡಿಟಿಂಗ್ ಎಲ್ಲಾ ಮಾಡುತ್ತೇವೆ ಎಂದು ಹೆಮ್ಮೆಪಡುತ್ತಾರಲ್ಲ, ಆ ವಿದ್ಯೆ ಹಳೆಯದೇ.

1943ರ 'ರಾಧಾರಮಣ' ಚಿತ್ರದಲ್ಲಿ ಅಯ್ಯರ್ ಮುಖ ತೋರಿಸಿದರು. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ ಅದು. ಅದರ ಬರವಣಿಗೆಯಲ್ಲೂ ತಾರಾಗಣದಲ್ಲೂ ಅಯ್ಯರ್ ಇದ್ದರು.

ಆಮೇಲೆ ಬಂದದ್ದು ಕಷ್ಟದ ಕಾಲ. ಕನ್ನಡ ಚಿತ್ರ ತೆಗೆಯುವವರಿಲ್ಲ, ಕಲಾವಿದರಿಗೆ ಕೆಲಸವಿಲ್ಲ. ಆಗ ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ ಮತ್ತು ಅಯ್ಯರ್ ನಾಲ್ವರೂ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ಸುತ್ತಿ ನಾಟಕ ಆಡಿದರು. 1960ರಲ್ಲಿ 'ರಣಧೀರ ಕಂಠೀರವ' ತೆರೆಗೆ ತಂದರು. ಕೆಲಸ ಯಾರಾದರೂ ಕೊಡಲಿ ಅಂತ ಮದರಾಸಿನ ಸ್ಟುಡಿಯೋ ಬಾಗಿಲಲ್ಲಿ ಕಾಯುತ್ತಾ ಕೂತಿದ್ದರೆ ನಾಲ್ವರೂ ಎಲ್ಲಿರುತ್ತಿದ್ದರೋ!

ಐವತ್ತು ದಾಟಿದ ಮೇಲೆ ತಿರುವು

ಕಾವೇರಿ ಇಲ್ಲಿ ಮುಡುಕಿ ಹರಿಯುವುದರಿಂದಲೇ ಊರಿಗೆ ಮುಡುಕುತೊರೆ ಎಂಬ ಹೆಸರು ಎನ್ನುತ್ತಾರೆ. ಅಯ್ಯರ್ ಬದುಕಿನ ಮುಡುಕು ಬಂದದ್ದು ಐವತ್ತು ದಾಟಿದ ಮೇಲೆ.

ಅಷ್ಟರಲ್ಲಿ ಅವರು ಪಳಗಿದ ನಿರ್ದೇಶಕರು. 1962ರ 'ಭೂದಾನ'ದಲ್ಲಿ ರಾಜಕುಮಾರ್, ಉದಯಕುಮಾರ್, ಕಲ್ಯಾಣಕುಮಾರ್ ಮೂವರನ್ನೂ ಒಂದೇ ಪರದೆಗೆ ತಂದಿದ್ದರು. 'ಲಾಯರ್ ಮಗಳು', 'ಪೋಸ್ಟ್ ಮಾಸ್ಟರ್', 'ಕಿಲಾಡಿ ರಂಗ', 'ಮೈಸೂರು ಟಾಂಗಾ' ಹೀಗೆ ಸಾಲಾಗಿ ಚಿತ್ರಗಳು. ಹಾಗೇ ಮುಂದುವರಿದಿದ್ದರೆ ಯಾರೂ ಬೇಡ ಅನ್ನುತ್ತಿರಲಿಲ್ಲ.

ಆದರೆ ಮನುಷ್ಯ ಸುಮ್ಮನಿರಲಿಲ್ಲ. ಎಸ್.ಎಲ್. ಭೈರಪ್ಪನವರ 'ವಂಶವೃಕ್ಷ' ಕಾದಂಬರಿಯನ್ನು ಕೈಗೆತ್ತಿಕೊಂಡು ತಾವು ನಿರ್ಮಾಪಕರಾಗಿ ನಿಂತರು. ನಿರ್ದೇಶನವನ್ನು ತಮಗಿಂತ ಎಷ್ಟೋ ಕಿರಿಯರಾದ ಬಿ.ವಿ. ಕಾರಂತ, ಗಿರೀಶ್ ಕಾರ್ನಾಡ್ ಇವರಿಗೆ ಬಿಟ್ಟುಕೊಟ್ಟರು. ಆ ಕಾದಂಬರಿಯ ಶ್ರೀನಿವಾಸ ಶ್ರೋತ್ರಿಗಳು ಯಾವ ಊರಿನವರು ಗೊತ್ತಲ್ಲ? ನಂಜನಗೂಡಿನವರು. ಸೊಸೆ ಕಾತ್ಯಾಯಿನಿ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುವುದು ಇದೇ ಕಪಿಲೆಯ ದಡದಿಂದ. ಕಾತ್ಯಾಯಿನಿಯಾಗಿ ಎಲ್.ವಿ. ಶಾರದಾ, ಶ್ರೋತ್ರಿಗಳಾಗಿ ವೆಂಕಟರಾವ್ ತಲಗೇರಿ ಅಭಿನಯಿಸಿದರು. ಮುಂದೆ ವಿಷ್ಣುವರ್ಧನ್ ಎಂದು ಮನೆಮಾತಾದ ಹುಡುಗ ಅದರಲ್ಲಿ ಒಂದು ಚಿಕ್ಕ ಪಾತ್ರ ಮಾಡಿದ್ದ. 1971ನೇ ಸಾಲಿನ ಶ್ರೇಷ್ಠ ನಿರ್ದೇಶನದ ರಾಷ್ಟ್ರಪ್ರಶಸ್ತಿ ಆ ಇಬ್ಬರು ನಿರ್ದೇಶಕರಿಗೆ ಬಂತು.

ಕಿರಿಯರಿಗೆ ಬಂದ ಪ್ರಶಸ್ತಿ ನೋಡಿ ಹಿರಿಯರು ಮುಖ ಸಿಂಡರಿಸುವುದು ಲೋಕರೂಢಿ. ಅಯ್ಯರ್ ಮುಖ ಸಿಂಡರಿಸಲಿಲ್ಲ, ಹೊಸಬರ ದಾರಿಗೆ ತಾವೂ ಬಂದರು. 1975ರಲ್ಲಿ, 58ರ ಆಸುಪಾಸಿನಲ್ಲಿ, ತ.ರಾ.ಸು. ಅವರ ಕಾದಂಬರಿ ಆಧರಿಸಿ 'ಹಂಸಗೀತೆ' ತೆಗೆದರು. ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್. ಹಾಡಿದ ಬಾಲಮುರಳಿಕೃಷ್ಣ ಅವರಿಗೆ ರಾಷ್ಟ್ರಪ್ರಶಸ್ತಿ. 1983ರಲ್ಲಿ 'ಆದಿ ಶಂಕರಾಚಾರ್ಯ', ಸಂಸ್ಕೃತ ಭಾಷೆಯ ಮೊದಲ ಚಲನಚಿತ್ರ. ಸಂಸ್ಕೃತದಲ್ಲಿ ಸಿನಿಮಾ ತೆಗೆದರೆ ನೋಡೋರ್ಯಾರು ಅಂತ ಕೇಳಿದವರೇ ಹೆಚ್ಚಿರಬೇಕು. ಆ ಸಾಲಿನ ಶ್ರೇಷ್ಠ ಚಿತ್ರದ ಸ್ವರ್ಣಕಮಲ ಅದಕ್ಕೇ ಬಂತು. ಹಣ ಕೊಟ್ಟದ್ದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ.

1986ರಲ್ಲಿ ಕನ್ನಡದಲ್ಲಿ 'ಮಧ್ವಾಚಾರ್ಯ', 1989ರಲ್ಲಿ ತಮಿಳಿನಲ್ಲಿ 'ರಾಮಾನುಜಾಚಾರ್ಯ'. 1992ನೇ ಸಾಲಿಗೆ 'ಭಗವದ್ಗೀತೆ'ಗಾಗಿ ಇನ್ನೊಮ್ಮೆ ಸ್ವರ್ಣಕಮಲ. ಎಂಬತ್ತು ದಾಟಿದ ಮೇಲೆ, 1998ರಲ್ಲಿ, ಹಿಂದಿಯ 'ಸ್ವಾಮಿ ವಿವೇಕಾನಂದ'. ಅದರಲ್ಲಿ ರಾಮಕೃಷ್ಣ ಪರಮಹಂಸರ ಪಾತ್ರಕ್ಕೆ ಮಿಥುನ್ ಚಕ್ರವರ್ತಿಗೆ ಪೋಷಕ ನಟ ಪ್ರಶಸ್ತಿ.

ಗಾಂಧೀಜಿ ತೀರಿಕೊಂಡ ಮೇಲೆ ಅಯ್ಯರ್ ಚಪ್ಪಲಿ ಮೆಟ್ಟಲಿಲ್ಲ ಅನ್ನುವುದು ಚಿತ್ರರಂಗದಲ್ಲಿ ಎಲ್ಲರೂ ಹೇಳುವ ಮಾತು. ದಿಲ್ಲಿಗೂ ಬರಿಗಾಲು, ಮುಂಬಯಿಗೂ ಬರಿಗಾಲು. 2003ರ ಡಿಸೆಂಬರ್ 21ರಂದು ಮುಂಬಯಿಯಲ್ಲಿ ನಿಧನರಾದರು.

ಕಿರುತೆರೆ ಏನು ಕೀಳೇ?

ದೂರದರ್ಶನ ಬಂದಾಗ ಸಿನಿಮಾ ಮಂದಿ ಮೂಗು ಮುರಿದರು. ಅಯ್ಯರ್ ಅಲ್ಲಿಗೂ ಹೋದರು. 'ನಾಟ್ಯರಾಣಿ ಶಾಂತಲಾ' ಧಾರಾವಾಹಿ ಮಾಡಿದರು. ಶಾಂತಲೆಯ ಗಂಡ ವಿಷ್ಣುವರ್ಧನ 'ತಲಕಾಡುಗೊಂಡ' ಎಂಬ ಬಿರುದು ಪಡೆದದ್ದು, ಕೀರ್ತಿನಾರಾಯಣನ ಗುಡಿ ಕಟ್ಟಿಸಿದ್ದು ನಮ್ಮ ಮುಡುಕುತೊರೆಯ ನೆರೆಯ ತಲಕಾಡಿನಲ್ಲೇ.

ಕಿರುತೆರೆಯಿಂದ ಹಿರಿತೆರೆಗೆ, ಅಲ್ಲಿಂದ ಅಂತರಜಾಲಕ್ಕೆ ದಾಟಿದವರಲ್ಲಿ ಟಿ.ಎನ್. ಸೀತಾರಾಮ್ ಅವರನ್ನು ನೋಡಿ. ನಾಟಕಕಾರರಾಗಿ ಬಂದವರು. 1998ರಲ್ಲಿ ಪಿ. ಶೇಷಾದ್ರಿ, ನಾಗೇಂದ್ರ ಶಾ ಜೊತೆ ಸೇರಿ 'ಮಾಯಾಮೃಗ' ಮಾಡಿದರು. ಸಂಜೆ ಹೊತ್ತು ಮನೆ ಮಂದಿಯೆಲ್ಲ ಟಿ.ವಿ. ಮುಂದೆ. 2001ರ 'ಮತದಾನ' ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರ ಪ್ರಶಸ್ತಿ. ಇಪ್ಪತ್ತು ವರ್ಷ ಕಳೆದ ಮೇಲೆ ಅದೇ 'ಮಾಯಾಮೃಗ' ಯೂಟ್ಯೂಬಿನಲ್ಲಿ ಹೊಸ ಪ್ರೇಕ್ಷಕರನ್ನು ಕಂಡಿತು. 2022ರಲ್ಲಿ 'ಮತ್ತೆ ಮಾಯಾಮೃಗ' ಶುರುವಾಯಿತು. ಗಟ್ಟಿ ಕೆಲಸಕ್ಕೆ ಎರಡನೇ ಬೆಳೆಯೂ ಉಂಟು.

ಹಾಗೆಂದು ಎಲ್ಲಾ ಹೂವಿನ ಹಾಸಿಗೆ ಅಂತಲ್ಲ. ಮೈಸೂರಿನವರು 1989ರ ಫೆಬ್ರವರಿ 8ನ್ನು ಮರೆಯುವ ಹಾಗಿಲ್ಲ. ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನ್ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಬಿದ್ದು 62 ಜನ ಸತ್ತರು. ಪರದೆಯ ಮೇಲೆ ಹೆಸರು ಬರುವ ಹತ್ತು ಜನರ ಹಿಂದೆ, ಹೆಸರು ಬಾರದ ನೂರು ಜನರ ಬದುಕಿದೆ. ಈ ಕಸುಬಿಗೆ ಇಳಿಯುವವರು ಅದನ್ನೂ ತಿಳಿದಿರಬೇಕು.

ದುಡ್ಡು ಎಲ್ಲಿಂದ?

ಹುಡುಗರ ಮನೆಯವರು ಕೇಳುವ ಪ್ರಶ್ನೆ ಇದೊಂದೇ. ನ್ಯಾಯವಾದ ಪ್ರಶ್ನೆ.

ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1,000 ಚಂದಾದಾರರು, ಅದರ ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಇರಬೇಕು. ಚಿಕ್ಕ ವಿಡಿಯೋ ಆದರೆ 90 ದಿನದಲ್ಲಿ ಒಂದು ಕೋಟಿ ವೀಕ್ಷಣೆ. ಇಷ್ಟಾದ ಮೇಲೆ ಲೆಕ್ಕ ಶುರು. ಸಂಬಳ ಅಂತ ಯಾರೂ ಬರೆದುಕೊಟ್ಟಿಲ್ಲ.

ಇನ್ನೊಂದು ಭಯವೂ ಇದೆ. ಅಂಗಡಿ ನಮ್ಮದು, ಜಾಗ ಇನ್ನೊಬ್ಬರದು. 2020ರ ಜೂನ್ 29ರಂದು ಭಾರತ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ದೇಶದ ಭದ್ರತೆಯ ಮಾತು, ಅದು ಬೇರೆ. ಆದರೆ ಲಕ್ಷಗಟ್ಟಲೆ ಅಭಿಮಾನಿಗಳನ್ನು ಗಳಿಸಿದ್ದ ಹಳ್ಳಿ ಹುಡುಗ ಹುಡುಗಿಯರು ರಾತ್ರಿ ಬೆಳಗಾಗುವುದರಲ್ಲಿ ಬರಿಗೈ ಆದರು.

ದಾರಿ ಮಾಡಿಕೊಂಡವರೂ ಇದ್ದಾರೆ. ಯೋಗರಾಜ್ ಭಟ್ಟರ 'ಮನಸಾರೆ', 'ಪಂಚರಂಗಿ'ಗೆ ಬರೆಯುತ್ತಿದ್ದ ಪವನ್ ಕುಮಾರ್ 'ಲೂಸಿಯಾ' ಕಥೆಗೆ ನಿರ್ಮಾಪಕರು ಸಿಗದಾಗ ಅಂತರಜಾಲದಲ್ಲಿ ಜನರನ್ನೇ ಕೇಳಿದರು. ಸುಮಾರು 110 ಮಂದಿ ಸೇರಿ 50 ಲಕ್ಷ ರೂಪಾಯಿಗೂ ಮೇಲೆ ಕೂಡಿಸಿದರು. 2013ರಲ್ಲಿ ಚಿತ್ರ ಬಿಡುಗಡೆಯಾಗಿ ಗೆದ್ದಿತು. 2019ರಲ್ಲಿ ಅದೇ ಪವನ್ ನೆಟ್‌ಫ್ಲಿಕ್ಸಿನ 'ಲೀಲಾ' ಸರಣಿಯ ನಿರ್ದೇಶಕರಲ್ಲಿ ಒಬ್ಬರು. ಊರೂರು ನಾಟಕ ಆಡಿ ಉಳಿದುಕೊಂಡ ಆ ನಾಲ್ವರ ಉಪಾಯಕ್ಕೂ ಇದಕ್ಕೂ ಏನು ದೊಡ್ಡ ವ್ಯತ್ಯಾಸ? ಅಲ್ಲಿ ಟಿಕೆಟ್ಟು, ಇಲ್ಲಿ ಮೊಬೈಲು. ಕೊಟ್ಟವರು ಜನ.

2024ರ 'ಏಕಂ' ಸರಣಿಯ ಕಥೆ ಇನ್ನೂ ಹೇಳುವಂಥದ್ದು. ಕರಾವಳಿಯ ಏಳು ಕಥೆಗಳು. ಕೊಳ್ಳುವ ಓ.ಟಿ.ಟಿ. ಕಂಪನಿ ಸಿಗಲಿಲ್ಲ. ಕೆಲಸ ಮುಗಿದ ಮೇಲೂ ವರ್ಷಗಟ್ಟಲೆ ಡಬ್ಬದಲ್ಲೇ ಇತ್ತು. ಕೊನೆಗೆ ರಕ್ಷಿತ್ ಶೆಟ್ಟಿ ಮತ್ತು ಬಳಗ ತಾವೇ ಒಂದು ಜಾಲತಾಣ ಮಾಡಿ ಜನರ ಮುಂದಿಟ್ಟರು. ಕನ್ನಡಕ್ಕೆ ಕಾಯುವ ಶಿಕ್ಷೆ ಇನ್ನೂ ತಪ್ಪಿಲ್ಲ ಅನ್ನುವುದಕ್ಕೆ ಇದು ಸಾಕ್ಷಿ.

ಹೋರಿ ಹೋದ ಮೇಲೆ

ಈಗ ಮುಡುಕುತೊರೆಯ ಹುಡುಗರ ವಿಷಯಕ್ಕೆ ಬರೋಣ. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತು ಕಟ್ಟುವ ಮನೆಗಳು ಕಡಿಮೆಯಾಗುತ್ತಿವೆ. ಟವಲಿನ ಕೆಳಗಿನ ಬೆರಳಿನ ಲೆಕ್ಕ ಬಲ್ಲ ಮುದುಕರು ಒಬ್ಬೊಬ್ಬರೇ ಹೋಗುತ್ತಿದ್ದಾರೆ. ಇನ್ನು ಮೂವತ್ತು ವರ್ಷಕ್ಕೆ ಈ ಜಾತ್ರೆ ಹೇಗಿತ್ತು ಅಂತ ಮೊಮ್ಮಕ್ಕಳು ಕೇಳಿದರೆ ತೋರಿಸಲಿಕ್ಕೆ ಉಳಿಯುವುದು ಈ 'ಕೆಲಸವಿಲ್ಲದ' ಹುಡುಗರು ತೆಗೆದದ್ದೇ.

ಉಳಿದರೆ ತಾನೆ! ಕನ್ನಡದ ಮೊದಲ ವಾಕ್ಚಿತ್ರ 1934ರ 'ಸತಿ ಸುಲೋಚನ'. ಅದರ ಒಂದು ಪ್ರತಿಯೂ ಇವತ್ತು ಇಲ್ಲ. ಇಡೀ ಸಿನಿಮಾವೇ ಕಳೆದುಹೋದ ಮೇಲೆ ಮೊಬೈಲಿನ ಒಂದು ನಿಮಿಷದ ತುಣುಕು ಯಾವ ಲೆಕ್ಕ? ಫೋನು ಒಡೆದರೆ, ಖಾತೆ ಮುಚ್ಚಿದರೆ ಹೋಯಿತು.

ಆದ್ದರಿಂದ ಹುಡುಗರಿಗೆ ಎರಡು ಮಾತು. ತೆಗೆದದ್ದರ ಮೂಲ ಪ್ರತಿಯನ್ನು ಬೇರೆ ಕಡೆ ಜೋಪಾನ ಮಾಡಿ. ಯಾವ ಹೋರಿ, ಯಾರ ಹಟ್ಟಿ, ಯಾವ ವರ್ಷ ಎಂದು ಬರೆದಿಡಿ. ಮತ್ತೆ, ಕೈಯಲ್ಲಿರುವ ಕೆಲಸ ಬಿಟ್ಟು ಇದಕ್ಕೆ ಧುಮುಕುವ ಮುಂಚೆ ಅಯ್ಯರ್ ಲೆಕ್ಕ ನೆನಪಿರಲಿ. 1943ರಲ್ಲಿ ಮೊದಲ ಚಿತ್ರ, 'ಹಂಸಗೀತೆ'ಗೆ ಆದದ್ದು 32 ವರ್ಷ. ಅಷ್ಟೂ ಕಾಲ ಅವರು ಸಿಕ್ಕಿದ ಕೆಲಸವನ್ನು ಕೀಳು ಅನ್ನದೆ ಮಾಡಿದರು.

ದೊಡ್ಡವರಿಗೂ ಒಂದು ಮಾತು. ಜಾತ್ರೆಗೆ ನೀರು, ನೆರಳು, ದೀಪದ ವ್ಯವಸ್ಥೆ ಮಾಡುವ ತಾಲ್ಲೂಕು ಆಡಳಿತ ಮತ್ತು ದೇವಾಲಯದವರು ಒಂದು ಸಂಜೆ ಬೆಟ್ಟದ ಕೆಳಗೆ ಬಿಳಿ ಪರದೆ ಕಟ್ಟಿಸಲಿ. ಮೊದಲು 'ವಂಶವೃಕ್ಷ'ವನ್ನೋ 'ಹಂಸಗೀತೆ'ಯನ್ನೋ ಹಾಕಲಿ. ಆಮೇಲೆ ಈ ಹುಡುಗರು ತೆಗೆದದ್ದರಲ್ಲಿ ಚೆನ್ನಾಗಿರುವುದನ್ನು ಆರಿಸಿ ತೋರಿಸಲಿ, ಒಂದೊಂದು ಪ್ರತಿಯನ್ನು ತಾಲ್ಲೂಕು ಗ್ರಂಥಾಲಯದಲ್ಲಿ ಇಡಲಿ. ಖರ್ಚು ಒಂದು ಜೊತೆ ಒಳ್ಳೆ ಹೋರಿಯ ಬೆಲೆಗಿಂತ ಕಡಿಮೆಯೇ ಆದೀತು. ಸಂಬಂಧಪಟ್ಟವರು ಮನಸ್ಸು ಮಾಡುವರೇ?