ಸೀಸವೂ ಜನಾರೋಗ್ಯವೂ

ಹೊಸ ವಸ್ತುವೊಂದು ಬಳಕೆಗೆ ಬಂದಾಗ ಅದರಿಂದ ಆರೋಗ್ಯಕ್ಕೆ ಕೆಡುಕಾದೀತೆಂಬ ಭಯವು ಜನರಲ್ಲಿ ಹುಟ್ಟುವುದುಂಟು. ಆ ಭಯವನ್ನು ಅವರು ಸರ್ಕಾರದ ಮುಂದೆ ಅರಿಕೆಮಾಡಿಕೊಂಡರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಅಪಾಯವಿದೆಯೆಂಬುದಕ್ಕೆ ಸಾಕಾದಷ್ಟು ರುಜುವಾತಿಲ್ಲ. ಈ ಉತ್ತರವು ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ರುಜುವಾತಿಲ್ಲದೆ ಒಂದು ವಸ್ತುವನ್ನು ಬಹಿಷ್ಕರಿಸುವುದು ವಿವೇಕವಲ್ಲವೆಂಬುದನ್ನು ನಾವೆಲ್ಲರೂ ಒಪ್ಪುತ್ತೇವೆ. ಆದರೆ ರುಜುವಾತನ್ನು ಒದಗಿಸಬೇಕಾದವರು ಯಾರು, ಅದು ಒದಗುವವರೆಗೆ ಆ ವಸ್ತುವಿನ ಗತಿ ಏನಾಗಬೇಕು, ಎಂಬ ಎರಡು ಪ್ರಶ್ನೆಗಳು ಆ ಉತ್ತರದೊಳಗೆ ಅಡಗಿಕೊಂಡಿವೆ. ಇವನ್ನು ವಿಚಾರಮಾಡುವುದಕ್ಕೆ, ಆದಿಯಿಂದ ಅಂತ್ಯದವರೆಗೆ ಈಗ ನಮಗೆ ಗೊತ್ತಿರುವ ಒಂದು ಚರಿತ್ರೆಯನ್ನು ತೆಗೆದುಕೊಳ್ಳೋಣ. ಅದು ಮೋಟಾರು ಬಂಡಿಗಳ ಪೆಟ್ರೋಲಿಗೆ ಸೀಸವನ್ನು ಬೆರೆಸಿದ ಚರಿತ್ರೆ. ೧೯೨೧ರಲ್ಲಿ ಮೊದಲಾದ ಅದು ೨೦೨೧ರಲ್ಲಿ ಮುಗಿಯಿತು.

ಸೀಸವು ವಿಷವೆಂಬುದು ಹೊಸ ಸಂಗತಿಯಲ್ಲ. ಗಣಿಗಳಲ್ಲಿಯೂ, ಬಣ್ಣದ ಕಾರ್ಖಾನೆಗಳಲ್ಲಿಯೂ, ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ಕಡೆಗಳಲ್ಲಿಯೂ ದುಡಿಯುವವರಿಗೆ ಹೊಟ್ಟೆಶೂಲೆ, ರಕ್ತಹೀನತೆ, ಮುಂಗೈ ಜೋತುಬೀಳುವ ನರರೋಗ ಮುಂತಾದುವು ತಗಲುವುವೆಂದು ವೈದ್ಯರು ಬಹುಕಾಲದಿಂದ ಬಲ್ಲರು. ನಮ್ಮ ಶರೀರಕ್ಕೆ ಸೀಸದಿಂದ ಯಾವ ಪ್ರಯೋಜನವೂ ಇಲ್ಲ. ಆದರೆ ಶರೀರವು ಅದನ್ನು ಸುಣ್ಣದ ಅಂಶವಾದ ಕ್ಯಾಲ್ಸಿಯಂ ಎಂದು ಭ್ರಮಿಸಿ ಒಳಕ್ಕೆ ಬರಮಾಡಿಕೊಳ್ಳುತ್ತದೆ. ಒಳಬಂದ ಸೀಸವು ಮೂಳೆಯಲ್ಲಿ ಸೇರಿ ಹಲವು ದಶಕಗಳವರೆಗೆ ಅಲ್ಲಿಯೇ ನಿಲ್ಲುತ್ತದೆ. ಗರ್ಭಿಣಿಯಲ್ಲಿ ಮೂಳೆಯಿಂದ ಹೊರಟು ಶಿಶುವನ್ನು ಮುಟ್ಟುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರ ಶರೀರವು ಹೀರಿಕೊಳ್ಳುವುದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚಾಗಿ ಎಳೆಯ ಮಕ್ಕಳ ಶರೀರವು ಹೀರಿಕೊಳ್ಳುತ್ತದೆ. ಅವರ ಮಿದುಳು ಬೆಳೆಯುತ್ತಿರುವ ಕಾಲವೂ ಅದೇ. ಆದಕಾರಣ ದೊಡ್ಡವರಲ್ಲಿ ಹೊಟ್ಟೆನೋವನ್ನು ಕೂಡ ಉಂಟುಮಾಡದಷ್ಟು ಅಲ್ಪವಾದ ಸೀಸವು ಮಗುವಿನ ಬುದ್ಧಿಶಕ್ತಿಯನ್ನು ಕುಂದಿಸಬಲ್ಲುದು.

ಇನ್ನು ಪೆಟ್ರೋಲಿನ ವಿಚಾರ. ಮೋಟಾರು ಯಂತ್ರದ ಸಿಲಿಂಡರಿನೊಳಗೆ ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತು, ಕಿಡಿಯಿಂದ ಹೊತ್ತಿ, ಕ್ರಮವಾಗಿ ಉರಿಯಬೇಕು. ಒತ್ತಡ ಹೆಚ್ಚಿದಾಗ, ಉರಿ ಬಂದು ತಲಪುವ ಮೊದಲೇ ಆವಿಯ ಒಂದು ಭಾಗ ತಾನಾಗಿ ಸಿಡಿದು ಸುತ್ತಿಗೆಯಿಂದ ಬಡಿದಂಥ ಸದ್ದಾಗುತ್ತದೆ. ಯಂತ್ರದ ಶಕ್ತಿಯೂ ಕುಗ್ಗುತ್ತದೆ. ಇದನ್ನು ತಡೆಯುವ ವಸ್ತುವನ್ನು ಅರಸುತ್ತಿದ್ದ ಜನರಲ್ ಮೋಟಾರ್ಸ್ ಕಂಪೆನಿಯ ತಾಮಸ್ ಮಿಡ್ಜ್‌ಲಿ ಎಂಬಾತನು ೧೯೨೧ರ ಡಿಸೆಂಬರಿನಲ್ಲಿ ಟೆಟ್ರಾಎಥಿಲ್ ಲೆಡ್ ಎಂಬ ಸೀಸದ ದ್ರವವನ್ನು ಪರೀಕ್ಷಿಸಿದನು. ಒಂದು ಗ್ಯಾಲನ್ ಪೆಟ್ರೋಲಿಗೆ ಕೆಲವೇ ಗ್ರಾಮುಗಳಷ್ಟನ್ನು ಸೇರಿಸಿದರೆ ಸದ್ದು ಅಡಗಿತು. ಮದ್ಯಸಾರವೂ ಇದೇ ಕೆಲಸವನ್ನು ಮಾಡುವುದೆಂದು ಆಗಲೇ ತಿಳಿದಿತ್ತು. ಆದರೆ ಅದನ್ನು ಹೆಚ್ಚಾಗಿ ಬೆರೆಸಬೇಕಾಗಿತ್ತು, ಅದು ಯಾರೊಬ್ಬರ ಸ್ವಾಮ್ಯಕ್ಕೆ ಒಳಪಡುವಂಥ ವಸ್ತುವೂ ಆಗಿರಲಿಲ್ಲ. ೧೯೨೩ರ ಫೆಬ್ರವರಿಯಲ್ಲಿ ಓಹಾಯೋ ಪ್ರಾಂತದ ಡೇಟನ್ ಪಟ್ಟಣದಲ್ಲಿ ಸೀಸದ ಪೆಟ್ರೋಲು ಮಾರಾಟಕ್ಕೆ ಬಂದಿತು. ಅದಕ್ಕೆ ಇಟ್ಟ ಹೆಸರು 'ಎಥಿಲ್' ಎಂದು. ಸೀಸವೆಂಬ ಮಾತು ಆ ಹೆಸರಿನಲ್ಲಿ ಎಲ್ಲಿಯೂ ಇರಲಿಲ್ಲ.

ಜನರ ಭಯಕ್ಕೆ ಕಾರಣ ಒದಗುವುದು ತಡವಾಗಲಿಲ್ಲ. ೧೯೨೪ರ ಅಕ್ಟೋಬರಿನಲ್ಲಿ ನ್ಯೂಜರ್ಸಿಯ ಬೇವೇ ಎಂಬಲ್ಲಿ ಸ್ಟಾಂಡರ್ಡ್ ಆಯಿಲ್ ಕಂಪೆನಿಯ ಕಾರ್ಖಾನೆಯಲ್ಲಿ ಈ ದ್ರವವನ್ನು ತಯಾರಿಸುತ್ತಿದ್ದ ಐವರು ಕೆಲಸಗಾರರು ಮತಿಭ್ರಮಣೆಗೊಂಡು ಸತ್ತರು. ಮೂವತ್ತಕ್ಕೂ ಮಿಕ್ಕ ಜನ ಅಸ್ವಸ್ಥರಾದರು. ವೃತ್ತಪತ್ರಿಕೆಗಳಲ್ಲಿ ಗದ್ದಲವೆದ್ದಿತು, ನ್ಯೂಯಾರ್ಕ್ ನಗರವು ಈ ಪೆಟ್ರೋಲನ್ನು ನಿಷೇಧಿಸಿತು. ಆಗ ಮಿಡ್ಜ್‌ಲಿಯು ಪತ್ರಿಕಾ ಪ್ರತಿನಿಧಿಗಳ ಎದುರಿಗೆ ಆ ದ್ರವದಲ್ಲಿ ಕೈತೊಳೆದು, ಅದರ ಆವಿಯನ್ನು ಮೂಸಿ ತೋರಿಸಿದನು. ಅವನೇ ಹಿಂದಿನ ವರ್ಷ ಸೀಸದ ವಿಷದಿಂದ ನರಳಿ ಕೆಲಸ ಬಿಟ್ಟು ವಿಶ್ರಾಂತಿ ಪಡೆಯಬೇಕಾಗಿದ್ದಿತೆಂಬುದನ್ನು ಅಲ್ಲಿದ್ದವರು ಅರಿಯರು.

೧೯೨೫ರ ಮೇ ೨೦ರಂದು ಅಮೆರಿಕಾದ ಸರ್ಜನ್ ಜನರಲ್ ವಾಷಿಂಗ್ಟನ್ನಿನಲ್ಲಿ ಒಂದು ಸಭೆಯನ್ನು ಕೂಡಿಸಿದನು. ಕೈಗಾರಿಕಾ ರೋಗಗಳಲ್ಲಿ ಪರಿಣತೆಯಾಗಿದ್ದ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್, ಯೇಲ್ ವಿಶ್ವವಿದ್ಯಾನಿಲಯದ ಯಾಂಡೆಲ್ ಹೆಂಡರ್ಸನ್, ಇವರು ಬೀದಿಬೀದಿಗಳಲ್ಲಿ ಸೀಸದ ಧೂಳು ಹರಡುವುದು ಅಪಾಯಕರವೆಂದು ಎಚ್ಚರಿಸಿದರು. ಉದ್ಯಮದ ಪ್ರತಿನಿಧಿಯೊಬ್ಬನು ಇದು ದೇವರು ಕೊಟ್ಟ ವರವೆಂದನು. ತರುವಾಯ ನೇಮಕವಾದ ಸಮಿತಿಯು ಸುಮಾರು ೨೫೦ ಮಂದಿ ಸಾರಥಿಗಳನ್ನೂ ಕೆಲಸಗಾರರನ್ನೂ ಕೆಲವೇ ತಿಂಗಳಲ್ಲಿ ಪರೀಕ್ಷಿಸಿ, ನಿಷೇಧಿಸುವುದಕ್ಕೆ ತಕ್ಕ ಕಾರಣವಿಲ್ಲವೆಂದು ೧೯೨೬ರಲ್ಲಿ ವರದಿಮಾಡಿತು. ಆ ವರದಿಯಲ್ಲಿಯೇ ಇನ್ನೊಂದು ಮಾತಿತ್ತು: ಬಳಕೆ ಹೆಚ್ಚಿದಂತೆ ಬಹುಕಾಲದ ಮೇಲೆ ಹಾನಿ ಕಾಣಿಸಿಕೊಂಡೀತು, ಆದ್ದರಿಂದ ಸರ್ಕಾರವು ಪರಿಶೋಧನೆಯನ್ನು ಮುಂದುವರಿಸಬೇಕು. ಮೊದಲನೆಯ ಮಾತು ಆಚರಣೆಗೆ ಬಂದಿತು. ಎರಡನೆಯದು ಕಾಗದದಲ್ಲಿ ಉಳಿಯಿತು. ಮುಂದಿನ ನಾಲ್ವತ್ತು ವರ್ಷ ಈ ಪರಿಶೋಧನೆಯ ಬಹುಭಾಗವು ಸೀಸ ಮಾರುವವರ ಹಣದಿಂದ, ರಾಬರ್ಟ್ ಕೀಹೋ ಎಂಬ ವೈದ್ಯನ ಆಡಳಿತದಲ್ಲಿ ನಡೆಯಿತು. ಸೀಸವು ಎಲ್ಲರ ರಕ್ತದಲ್ಲಿಯೂ ಇರುವುದು ಸ್ವಾಭಾವಿಕ, ನೂರು ಮಿಲಿಲೀಟರ್ ರಕ್ತದಲ್ಲಿ ೮೦ ಮೈಕ್ರೋಗ್ರಾಮಿನವರೆಗೆ ಭಯಪಡಬೇಕಾದ್ದಿಲ್ಲ, ಎಂಬುದು ಅವನ ಸಿದ್ಧಾಂತ. ಮೈಕ್ರೋಗ್ರಾಮೆಂದರೆ ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಪಾಲು.

ಈ ಸಿದ್ಧಾಂತದಲ್ಲಿದ್ದ ದೋಷವನ್ನು ಕಂಡವನು ವೈದ್ಯನಲ್ಲ, ಭೂಮಿಯ ವಯಸ್ಸನ್ನು ಲೆಕ್ಕಹಾಕುತ್ತಿದ್ದ ಕ್ಲೇರ್ ಪ್ಯಾಟರ್ಸನ್ ಎಂಬ ರಸಾಯನಶಾಸ್ತ್ರಜ್ಞ. ಉಲ್ಕಾಶಿಲೆಗಳಲ್ಲಿರುವ ಸೀಸವನ್ನು ಅಳೆದು, ಭೂಮಿ ಹುಟ್ಟಿ ಸುಮಾರು ೪೫೫ ಕೋಟಿ ವರ್ಷಗಳಾದುವೆಂದು ಅವನು ೧೯೫೬ರಲ್ಲಿ ಪ್ರಕಟಿಸಿದನು. ಆ ಅಳತೆಗಳಿಗೆ ಹೊರಗಿನ ಸೀಸ ಪದೇಪದೇ ಅಡ್ಡಬರುತ್ತಿತ್ತು. ಅದು ಗಾಳಿಯಲ್ಲಿ, ನೀರಿನಲ್ಲಿ, ಪಾತ್ರೆಯಲ್ಲಿ, ಅವನ ಚರ್ಮದಲ್ಲಿಯೇ ಇದ್ದಿತು. ಇದೆಲ್ಲ ಎಲ್ಲಿಂದ ಬಂದಿತೆಂದು ವಿಚಾರಿಸಿ ಅವನು ೧೯೬೫ರಲ್ಲಿ ಒಂದು ಪ್ರಬಂಧವನ್ನು ಬರೆದನು. ಅಮೆರಿಕದವರ ಶರೀರದಲ್ಲಿ ಸ್ವಾಭಾವಿಕವಾಗಿರಬೇಕಾದುದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು ಸೀಸವಿದೆಯೆಂಬುದು ಅದರ ತಾತ್ಪರ್ಯ. ವರ್ಷವರ್ಷವೂ ಪದರಪದರವಾಗಿ ಗಟ್ಟಿಯಾದ ಗ್ರೀನ್‌ಲೆಂಡಿನ ಮಂಜುಗಡ್ಡೆಯು ಆಮೇಲೆ ಇದಕ್ಕೆ ಸಾಕ್ಷಿ ಹೇಳಿತು: ಹಳೆಯ ಪದರಗಳಲ್ಲಿ ಸೀಸ ಅತ್ಯಲ್ಪ, ಇಪ್ಪತ್ತನೆಯ ಶತಮಾನದ ಪದರಗಳಲ್ಲಿ ಬಹಳ ಹೆಚ್ಚು. ಊರಿನವರೆಲ್ಲರೂ ಕುಡಿಯುವ ಬಾವಿಯೇ ಕೆಟ್ಟಿರುವಾಗ ಒಬ್ಬನನ್ನು ಇನ್ನೊಬ್ಬನೊಡನೆ ಹೋಲಿಸಿ ಇಬ್ಬರೂ ಸ್ವಸ್ಥರೆಂದು ಹೇಳಿದಂತಾಗಿದ್ದಿತು ಕೀಹೋವಿನ ಲೆಕ್ಕ.

ಅಲ್ಲಿಂದ ಮುಂದೆ ಕಾರ್ಯ ವೇಗವಾಯಿತು. ೧೯೭೩ರಲ್ಲಿ ಅಮೆರಿಕಾ ಸರ್ಕಾರವು ಪೆಟ್ರೋಲಿನ ಸೀಸವನ್ನು ಮೆಟ್ಟಲು ಮೆಟ್ಟಲಾಗಿ ಇಳಿಸುವ ನಿಯಮವನ್ನು ಹೊರಡಿಸಿತು. ಉದ್ಯಮದವರು ನ್ಯಾಯಾಲಯಕ್ಕೆ ಹೋದರು. ಜನರ ಆರೋಗ್ಯವನ್ನು ಕಾಪಾಡುವುದೇ ಶಾಸನದ ಉದ್ದೇಶವಾಗಿರುವಾಗ ನಿಸ್ಸಂದೇಹವಾದ ಪುರಾವೆಗಾಗಿ ಕಾದು ಕುಳಿತಿರಬೇಕಾದ್ದಿಲ್ಲವೆಂದು ೧೯೭೬ರಲ್ಲಿ ತೀರ್ಪಾಯಿತು. ೧೯೭೯ರಲ್ಲಿ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯನು ಶಾಲೆಯ ಮಕ್ಕಳ ಉದುರಿದ ಹಾಲುಹಲ್ಲುಗಳನ್ನು ಕೂಡಿಹಾಕಿ, ಹಲ್ಲಿನಲ್ಲಿ ಸೀಸ ಹೆಚ್ಚಾಗಿದ್ದವರ ಬುದ್ಧಿಯೂ ಗಮನಶಕ್ತಿಯೂ ಉಳಿದವರಿಗಿಂತ ಕಡಮೆಯೆಂದು ತೋರಿಸಿದನು. ೧೯೭೬ರಿಂದ ೧೯೮೦ರವರೆಗೆ ಪೆಟ್ರೋಲಿನ ಸೀಸ ಇಳಿದಂತೆ ಜನರ ರಕ್ತದಲ್ಲಿದ್ದ ಸೀಸವೂ ಶೇಕಡ ೩೭ರಷ್ಟು ಇಳಿಯಿತು. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕೆ? ಆದರೆ ಈ ಸಾಕ್ಷ್ಯವು ದೊರೆತದ್ದು ಸೀಸವನ್ನು ತೆಗೆಯತೊಡಗಿದ ಮೇಲೆ, ಎಂಬುದನ್ನು ನಾವು ಮರೆಯಬಾರದು.

ಸುರಕ್ಷಿತವೆಂದು ಎಳೆದ ಗೆರೆಯ ಚರಿತ್ರೆಯೂ ಬೋಧಪ್ರದವಾಗಿದೆ. ಮಕ್ಕಳ ರಕ್ತದಲ್ಲಿ ೬೦ ಮೈಕ್ರೋಗ್ರಾಂ ಮೀರಿದರೆ ಮಾತ್ರ ಚಿಂತೆಯೆಂದು ಅಮೆರಿಕಾದಲ್ಲಿ ೧೯೬೦ರ ದಶಕದಲ್ಲಿ ಭಾವಿಸಿದ್ದರು. ಅದು ೧೯೭೫ರಲ್ಲಿ ೩೦, ೧೯೮೫ರಲ್ಲಿ ೨೫, ೧೯೯೧ರಲ್ಲಿ ೧೦, ೨೦೧೨ರಲ್ಲಿ ೫, ೨೦೨೧ರಲ್ಲಿ ೩.೫ ಆಯಿತು. ಹಾನಿಯೇ ಇಲ್ಲದ ಮಟ್ಟವೆಂಬುದು ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಸೀಸವು ಬದಲಾಗಲಿಲ್ಲ, ನಾವು ಅಳೆಯುವುದನ್ನು ಕಲಿತೆವು.

ನಮ್ಮ ದೇಶದ ಮಾತಿಗೆ ಬರೋಣ. ೧೯೯೯ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾಕ್ಟರ್ ತುಪ್ಪಿಲ್ ವೆಂಕಟೇಶ್ ಅವರೂ ಜಾರ್ಜ್ ಫೌಂಡೇಷನ್ನಿನವರೂ ಕೂಡಿ ಏಳು ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿದರು. ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಮಿಕ್ಕವರ ರಕ್ತದಲ್ಲಿ ಸೀಸವು ಅಂದಿನ ಗೆರೆಯಾದ ೧೦ ಮೈಕ್ರೋಗ್ರಾಮನ್ನು ದಾಟಿತ್ತು. ೨೦೦೦ದಲ್ಲಿ ದೇಶದಲ್ಲೆಲ್ಲ ಸೀಸದ ಪೆಟ್ರೋಲು ನಿಂತಿತು. ಕೊನೆಗೆ ೨೦೨೧ರಲ್ಲಿ ಆಲ್ಜೀರಿಯಾ ದೇಶವೂ ಅದನ್ನು ಬಿಟ್ಟಿತು. ಪೆಟ್ರೋಲಿನ ಅಧ್ಯಾಯ ಮುಗಿದರೂ ಸೀಸದ ಕಥೆ ಮುಗಿದಿಲ್ಲ. ಹಳೆಯ ಬ್ಯಾಟರಿಗಳನ್ನು ಬಯಲಿನಲ್ಲಿ ಒಡೆದು ಕರಗಿಸುವ ಕಡೆಗಳಲ್ಲಿ, ಗೋಡೆಬಾಗಿಲುಗಳ ಹಳೆಯ ಬಣ್ಣದಲ್ಲಿ, ಹೊಳಪಿಗಾಗಿ ಕಲಬೆರಕೆ ಮಾಡಿದ ಅರಿಸಿನದಲ್ಲಿ ಅದು ಇಂದಿಗೂ ಮಕ್ಕಳನ್ನು ಮುಟ್ಟುತ್ತಿದೆ. ಮನೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಪಾಲು ಮೀರಬಾರದೆಂದು ಭಾರತ ಸರ್ಕಾರವು ೨೦೧೬ರಲ್ಲಿ ಮಾಡಿದ ನಿಯಮವು ಮರುವರ್ಷ ಜಾರಿಗೆ ಬಂದಿತು. ಆದರೂ ೫ ಮೈಕ್ರೋಗ್ರಾಮನ್ನು ಮುಟ್ಟಿದ ಅಥವಾ ದಾಟಿದ ಮಕ್ಕಳು ಪ್ರಪಂಚದಲ್ಲಿ ೮೦ ಕೋಟಿಯೆಂದೂ, ಅವರಲ್ಲಿ ಸುಮಾರು ೨೭.೫ ಕೋಟಿ ಭಾರತದವರೆಂದೂ ಯುನಿಸೆಫ್ ಸಂಸ್ಥೆಯ ೨೦೨೦ರ ವರದಿಯು ಅಂದಾಜುಮಾಡಿತು.

ಈಗ ಮೊದಲಿನ ಪ್ರಶ್ನೆಗಳಿಗೆ ಹಿಂದಿರುಗೋಣ. ನ್ಯಾಯಸ್ಥಾನದಲ್ಲಿ ಸಂದೇಹದ ಲಾಭವು ಆಪಾದಿತನಿಗೆ ಸಲ್ಲುತ್ತದೆ. ನಿರಪರಾಧಿಯಾದ ಮನುಷ್ಯನು ಸೆರೆಮನೆ ಸೇರಬಾರದೆಂಬ ಧರ್ಮ ಅದರ ಹಿಂದಿದೆ. ೧೯೨೬ರಲ್ಲಿ ಈ ಧರ್ಮವನ್ನು ಒಂದು ದ್ರವಕ್ಕೆ ಅನ್ವಯಿಸಿದರು. ದ್ರವವು ಬಿಡುಗಡೆಯಾಯಿತು, ಶಿಕ್ಷೆಯನ್ನು ಅನುಭವಿಸಿದವರು ಮಾತು ಬಾರದ ಶಿಶುಗಳು. ಪದಾರ್ಥಕ್ಕೆ ಮಾನವಿಲ್ಲ, ಸ್ವಾತಂತ್ರ್ಯದ ಹಕ್ಕಿಲ್ಲ. ಅದರ ವಿಷಯದಲ್ಲಿ ಸಂದೇಹದ ಲಾಭವು ಜನರಿಗೆ ಸಲ್ಲುವುದೇ ನ್ಯಾಯ.

ಹಾಗಾದರೆ ಪ್ರತಿಯೊಂದು ಭಯಕ್ಕೂ ಸರ್ಕಾರ ತಲೆಬಾಗಬೇಕೆ ಎಂದು ಕೇಳಬಹುದು. ಬಾಗಬೇಕಾದ್ದಿಲ್ಲ. ದೇವಿ ಹಾಕುವುದಕ್ಕೂ ಜನರು ಹಿಂದೆ ಹೆದರಿದ್ದರು. ಆ ಹೆದರಿಕೆಗೆ ಮಣಿದಿದ್ದರೆ ಸಿಡುಬು ಲೋಕದಿಂದ ತೊಲಗುತ್ತಿರಲಿಲ್ಲ. ಭಯವೇ ರುಜುವಾತಲ್ಲ, ಅದು ಪರೀಕ್ಷೆ ನಡೆಯಲೆಂಬ ಅರ್ಜಿ. ಆ ಅರ್ಜಿಯ ಮೇಲೆ ನಡೆಯುವ ಪರೀಕ್ಷೆಯು ಪದಾರ್ಥ ಹರಡುವ ಮುನ್ನ ನಡೆಯಬೇಕು, ಮಾರುವವನ ಕೈಯಿಂದ ಹೊರಗಿರಬೇಕು, ದುರ್ಬಲರಾದ ಮಕ್ಕಳನ್ನೂ ಗರ್ಭಿಣಿಯರನ್ನೂ ಅಳತೆಯ ಮಾನವಾಗಿ ಇಟ್ಟುಕೊಳ್ಳಬೇಕು. ಬಳಕೆಗೆ ಅನುಮತಿ ಕೊಟ್ಟ ಮೇಲೆಯೂ ಅಳೆಯುವುದನ್ನು ಬಿಡಬಾರದು. ದೇವಿ ಹಾಕುವ ಪದ್ಧತಿಯು ಎಷ್ಟು ಅಳೆದರೂ ತನ್ನ ಗುಣವನ್ನು ಸ್ಥಾಪಿಸಿತು; ಸೀಸವು ಅಳೆದಷ್ಟೂ ತನ್ನ ದೋಷವನ್ನು ಬಯಲುಮಾಡಿತು.

ಇನ್ನು ಮೇಲೆ ಯಾವುದಾದರೂ ವಸ್ತುವಿನಿಂದ ಅಪಾಯವಿಲ್ಲವೆಂಬ ಪ್ರಕಟಣೆಯನ್ನು ಓದಿದಾಗ ನಾವು ಮೂರು ಮಾತುಗಳನ್ನು ಕೇಳುವ ಅಭ್ಯಾಸವನ್ನು ಇಟ್ಟುಕೊಳ್ಳಬೇಕು. ಅಳೆದವರು ಯಾರು? ಅದಕ್ಕೆ ಹಣ ಕೊಟ್ಟವರು ಯಾರು? ಯಾರ ಶರೀರದಲ್ಲಿ, ಎಷ್ಟು ಕಾಲ ಅಳೆದರು? ೧೯೨೬ರಲ್ಲಿ ಈ ಮೂರನ್ನೂ ಬಿಡದೆ ಕೇಳುವ ಜನ ಇನ್ನಷ್ಟು ಇದ್ದಿದ್ದರೆ, ಮೂರು ನಾಲ್ಕು ತಲೆಮಾರಿನ ಮಕ್ಕಳು ಆ ಗಾಳಿಯನ್ನು ಉಸಿರಾಡಬೇಕಾಗುತ್ತಿರಲಿಲ್ಲ.