ಕಿವಿ ಸೋರುವಿಕೆ: ನೋವಿಲ್ಲವೆಂದು ನಿರ್ಲಕ್ಷಿಸಬೇಡಿ

ಪಂಚೇಂದ್ರಿಯಗಳಲ್ಲಿ ಕಿವಿಯು ಕೇಳುವುದಕ್ಕೆ ಮಾತ್ರವಲ್ಲ, ಮಾತು ಕಲಿಯುವುದಕ್ಕೂ ಆಧಾರ. ಮಗುವು ಕೇಳಿದ್ದನ್ನೇ ನುಡಿಯುತ್ತದೆ. ಇಷ್ಟಾದರೂ ಕಿವಿ ಸೋರುವುದನ್ನು ರೋಗವೆಂದೇ ಎಣಿಸದ ಮನೆಗಳು ಇನ್ನೂ ಇವೆ. ‘ಚಿಕ್ಕ ಮಕ್ಕಳಿಗೆ ಇದು ಸಹಜ, ದೊಡ್ಡವರಾದಂತೆ ತಾನಾಗಿ ನಿಲ್ಲುತ್ತದೆ’ ಎಂಬ ಮಾತನ್ನು ನಂಬಿ ವರ್ಷಗಳನ್ನೇ ಕಳೆಯುತ್ತಾರೆ. ನೋವೂ ಇಲ್ಲದಿದ್ದರೆ ವೈದ್ಯರ ನೆನಪಾಗುವುದೇ ಇಲ್ಲ. ಆದರೆ ನೋವಿಲ್ಲದೆ ಬಹುಕಾಲ ಸೋರುವ ಕಿವಿಯೇ ಶ್ರವಣಶಕ್ತಿಯನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ.

ಸೋರುವುದೇಕೆ?

ಕಿವಿಯಲ್ಲಿ ಹೊರಗಿವಿ, ನಡುಗಿವಿ, ಒಳಗಿವಿ ಎಂದು ಮೂರು ಭಾಗಗಳಿವೆ. ಹೊರಗಿವಿ ಮತ್ತು ನಡುಗಿವಿಗಳ ನಡುವೆ ಕಾಗದದಷ್ಟು ತೆಳುವಾದ ತಮಟೆಯಿದೆ. ನಡುಗಿವಿಯಿಂದ ಮೂಗಿನ ಹಿಂಭಾಗಕ್ಕೆ ಸಣ್ಣ ನಾಳವೊಂದು ಹೋಗುತ್ತದೆ. ಮಕ್ಕಳಲ್ಲಿ ಈ ನಾಳವು ಗಿಡ್ಡವಾಗಿಯೂ ಹೆಚ್ಚು ಅಡ್ಡವಾಗಿಯೂ ಇರುವುದರಿಂದ ನೆಗಡಿಯ ಸೋಂಕು ಸುಲಭವಾಗಿ ಕಿವಿಯನ್ನು ತಲುಪುತ್ತದೆ. ಆಗ ನಡುಗಿವಿಯಲ್ಲಿ ಕೀವು ತುಂಬಿ ಜ್ವರ ಹಾಗೂ ತೀವ್ರ ನೋವು ಉಂಟಾಗುತ್ತವೆ. ಒತ್ತಡ ತಾಳಲಾರದೆ ತಮಟೆ ಒಡೆದಾಗ ಕೀವು ಹೊರಬರುತ್ತದೆ, ನೋವು ತಟ್ಟನೆ ಇಳಿಯುತ್ತದೆ. ರೋಗ ವಾಸಿಯಾಯಿತೆಂದು ಮನೆಯವರು ಭ್ರಮಿಸುವುದು ಇಲ್ಲಿಯೇ. ಸಕಾಲದಲ್ಲಿ ಚಿಕಿತ್ಸೆ ದೊರೆತರೆ ತಮಟೆಯ ರಂಧ್ರವು ಬಹುಮಟ್ಟಿಗೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ವಾರ ಕಳೆದರೂ ಸೋರುವುದು ನಿಲ್ಲದಿದ್ದರೆ ರೋಗವು ದೀರ್ಘಕಾಲೀನವಾಗುತ್ತಿದೆಯೆಂದು ತಿಳಿಯಬೇಕು.

ಹೊರಗಿವಿಯ ಸೋಂಕಿನಿಂದಲೂ ಕಿವಿ ಸೋರಬಹುದು. ಪಿನ್ನು, ಬೆಂಕಿಕಡ್ಡಿಗಳಿಂದ ಕೆರೆದುಕೊಳ್ಳುವುದು, ಕೆರೆ ಬಾವಿಗಳಲ್ಲಿ ಈಜುವುದು ಇದಕ್ಕೆ ಕಾರಣ. ಮಳೆಗಾಲದಲ್ಲಿ ಕಿವಿಯೊಳಗೆ ಬೂಷ್ಟು ಬೆಳೆದು ವಿಪರೀತ ತುರಿಕೆಯಾಗುವುದೂ ಉಂಟು.

ಸ್ರಾವದ ಲಕ್ಷಣಗಳು

ಲೋಳೆಯಂತಹ, ವಾಸನೆಯಿಲ್ಲದ ಸ್ರಾವವು ನೆಗಡಿಯಾದಾಗ ಹೆಚ್ಚಾಗಿ ಬಳಿಕ ಕಡಿಮೆಯಾಗುತ್ತಿದ್ದರೆ, ಸಾಮಾನ್ಯವಾಗಿ ಅದು ತಮಟೆಯ ರಂಧ್ರದ ಸೂಚನೆ. ಸ್ವಲ್ಪವೇ ಬಂದರೂ ದುರ್ವಾಸನೆಯುಳ್ಳ, ಕೆಲವೊಮ್ಮೆ ರಕ್ತಮಿಶ್ರಿತ ಸ್ರಾವವು ಹೆಚ್ಚು ಗಂಭೀರವಾದುದು. ನಡುಗಿವಿಯಲ್ಲಿ ಚರ್ಮದ ಪದರಗಳು ಗಂಟಿನಂತೆ ಬೆಳೆದು ಸುತ್ತಲಿನ ಮೂಳೆಯನ್ನು ಸವೆಸುತ್ತಿರುವುದು ಇದಕ್ಕೆ ಕಾರಣವಿರಬಹುದು. ವೈದ್ಯರು ಇದನ್ನು ಕೊಲೆಸ್ಟಿಯಟೋಮಾ ಎನ್ನುತ್ತಾರೆ. ನಿರ್ಲಕ್ಷಿಸಿದರೆ ಸೋಂಕು ಮಿದುಳಿನವರೆಗೂ ಹರಡಿ ಪ್ರಾಣಕ್ಕೇ ಸಂಚಕಾರ ಬರಬಹುದು.

ಎಣ್ಣೆ ಬೇಡ

ಎಳೆಗೂಸಿಗೆ ಎರೆಯುವಾಗ ಕಿವಿಗೆ ಎಣ್ಣೆ ಬಿಡುವುದು ಹಿಂದಿನಿಂದ ಬಂದ ರೂಢಿ. ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಎಲೆಯ ರಸ, ಎದೆಹಾಲು ಹಾಕುವವರೂ ಇದ್ದಾರೆ. ಹಿರಿಯರ ಉದ್ದೇಶ ಒಳ್ಳೆಯದೇ. ಆದರೆ ತಮಟೆಯಲ್ಲಿ ರಂಧ್ರವಿದ್ದಾಗ ಇವೆಲ್ಲ ನೇರವಾಗಿ ನಡುಗಿವಿಗೆ ಇಳಿದು ಸೋಂಕನ್ನು ಉಲ್ಬಣಗೊಳಿಸುತ್ತವೆ. ಜಾತ್ರೆ, ಸಂತೆಗಳಲ್ಲಿ ಕಡ್ಡಿಯಿಂದ ಗುಗ್ಗೆ ತೆಗೆಯುವವರಿಗೆ ಕಿವಿಯೊಡ್ಡುವುದೂ ಅಪಾಯ. ಗುಗ್ಗೆಯು ಕಿವಿಯನ್ನು ರಕ್ಷಿಸಲು ದೇಹವೇ ತಯಾರಿಸುವ ವಸ್ತು; ಸಾಮಾನ್ಯವಾಗಿ ಅದು ತಾನಾಗಿ ಹೊರಬರುತ್ತದೆ.

ಮನೆಯಲ್ಲಿ ಮಾಡಬೇಕಾದುದು

ಸೋರುವ ಕಿವಿಯನ್ನು ಒಣಗಿಸುವುದೇ ಮೊದಲ ಆರೈಕೆ. ಕೈ ತೊಳೆದುಕೊಂಡು, ಶುಭ್ರವಾದ ಮೆತ್ತನೆಯ ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು, ಕಿವಿಯ ಬಾಯಲ್ಲಿ ಮೃದುವಾಗಿ ಇರಿಸಬೇಕು. ಒದ್ದೆಯಾದೊಡನೆ ತೆಗೆದು ಹೊಸ ಬತ್ತಿ ಇಡಬೇಕು. ಬತ್ತಿ ಒಣಗಿಯೇ ಬರುವವರೆಗೆ ಹೀಗೆ ದಿನಕ್ಕೆ ಮೂರು ಬಾರಿ ಮಾಡಬೇಕು. ಬತ್ತಿಯನ್ನು ಒಳಗೇ ಬಿಡಬಾರದು, ಕಡ್ಡಿಯನ್ನು ಬಳಸಲೇಬಾರದು. ಸ್ನಾನದ ವೇಳೆ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗಿಟ್ಟುಕೊಂಡು, ಮುಗಿದೊಡನೆ ತೆಗೆಯಬೇಕು. ಪೂರ್ಣ ಗುಣವಾಗುವವರೆಗೆ ಈಜು ಬೇಡ. ಇದು ಆರೈಕೆಯೇ ಹೊರತು ಚಿಕಿತ್ಸೆಗೆ ಬದಲಿಯಲ್ಲ, ವೈದ್ಯರಿಗೆ ತೋರಿಸಲೇಬೇಕು.

ಔಷಧದ ಅಂಗಡಿಯಿಂದ ತಾವಾಗಿಯೇ ಹನಿ ತಂದು ಹಾಕಬಾರದು. ಜೆಂಟಾಮೈಸಿನ್, ನಿಯೋಮೈಸಿನ್‌ನಂತಹ ಔಷಧವುಳ್ಳ ಹನಿಗಳು ತಮಟೆ ಒಡೆದಿರುವಾಗ ಒಳಗಿವಿಗೆ ಹಾನಿ ಮಾಡಬಲ್ಲವು. ವೈದ್ಯರು ಕೊಟ್ಟ ಹನಿಯ ಸೀಸೆಯನ್ನು ಅಂಗೈಯಲ್ಲಿ ಕೊಂಚ ಬೆಚ್ಚಗೆ ಮಾಡಿ, ಮಗುವನ್ನು ಮಗ್ಗುಲಾಗಿ ಮಲಗಿಸಿ ಹಾಕಿ, ಕೆಲವು ನಿಮಿಷ ಹಾಗೆಯೇ ಇರಿಸಬೇಕು. ಸೋರುವುದು ನಿಂತಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದು.

ತಡಮಾಡಬಾರದ ಸಂದರ್ಭಗಳು

• ಮುಖ ಒಂದು ಬದಿಗೆ ಸೊಟ್ಟಗಾಗುವುದು, ತಲೆಸುತ್ತು, ವಾಂತಿ, ತೀವ್ರ ತಲೆನೋವು, ಮಂಪರು.
• ಕಿವಿಯ ಹಿಂಭಾಗ ಊದಿಕೊಂಡು ಕೆಂಪಾಗುವುದು.
• ತಲೆಗೆ ಪೆಟ್ಟಾದ ಬಳಿಕ ಕಿವಿಯಿಂದ ರಕ್ತ ಅಥವಾ ತಿಳಿನೀರು ಸೋರುವುದು. ಆಗ ಕಿವಿಗೆ ಏನನ್ನೂ ತುರುಕಬಾರದು.
• ಮಧುಮೇಹವಿರುವ ಹಿರಿಯರಲ್ಲಿ ಸೋರುವಿಕೆಯೊಡನೆ ರಾತ್ರಿ ನಿದ್ರೆಗೆಡಿಸುವ ಕಿವಿನೋವು.
• ಮಗು ಗಡಿಯಾರದ ಸಣ್ಣ ಬ್ಯಾಟರಿಯನ್ನು ಕಿವಿಗೆ ಹಾಕಿಕೊಂಡಿರುವುದು.

ಇಂತಹ ವೇಳೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಚಿಕಿತ್ಸೆಯುಂಟು

ಬಹುತೇಕ ಕಿವಿಗಳು ಹನಿ ಹಾಗೂ ಶುಷ್ಕತೆಯಿಂದಲೇ ಹತೋಟಿಗೆ ಬರುತ್ತವೆ. ಮುಚ್ಚದ ರಂಧ್ರಕ್ಕೆ ಕಪಾಲದ ಬದಿಯ ಸ್ನಾಯುವಿನ ತೆಳು ಪೊರೆಯನ್ನು ತೇಪೆಯಂತೆ ಹಾಕುವ ಶಸ್ತ್ರಚಿಕಿತ್ಸೆಯಿದೆ. ಮೂಳೆ ಸವೆಯುತ್ತಿದ್ದರೆ ಶಸ್ತ್ರಚಿಕಿತ್ಸೆ ಅನಿವಾರ್ಯ. ಜಿಲ್ಲಾ ಆಸ್ಪತ್ರೆಗಳಲ್ಲಿ ಕಿವಿ, ಮೂಗು, ಗಂಟಲು ತಜ್ಞರಿದ್ದಾರೆ. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ ಮಾಡುತ್ತಾರೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ವೈದ್ಯರ ತಂಡಕ್ಕೂ ಮಗುವಿನ ಕಿವಿಯನ್ನು ತೋರಿಸಬಹುದು.

ತಾಯಂದಿರು ಹಾಲೂಡಿಸುವಾಗ ಮಗುವಿನ ತಲೆಯನ್ನು ತುಸು ಎತ್ತರದಲ್ಲಿರಿಸಿಕೊಳ್ಳಬೇಕು. ಮನೆಯೊಳಗೆ ಬೀಡಿ, ಸಿಗರೇಟಿನ ಹೊಗೆಯಿರಬಾರದು. ಲಸಿಕೆಗಳನ್ನು ತಪ್ಪಿಸಬಾರದು.

ಕರೆದರೆ ತಿರುಗದ, ಪಾಠದಲ್ಲಿ ಹಿಂದುಳಿದ ಮಗುವನ್ನು ದಡ್ಡನೆಂದೋ ಹಟಮಾರಿಯೆಂದೋ ಗದರಿಸುವ ಮುನ್ನ ಅದರ ಕಿವಿಯನ್ನೊಮ್ಮೆ ಪರೀಕ್ಷೆ ಮಾಡಿಸಿರಿ. ಆ ಮಗುವಿಗೆ ನಮ್ಮ ಮಾತು ಕೇಳಿಸಿಯೇ ಇರಲಿಕ್ಕಿಲ್ಲ.