ಟೀ ಜೊತೆಗೊಂದು ಬೆಂಚು

ಇಂಗ್ಲಿಷರ ಮಧ್ಯಾಹ್ನದ ಟೀ ಎಂದೊಡನೆ ಎಲ್ಲರೂ ಬೆಡ್‌ಫರ್ಡಿನ ಡಚೆಸ್ ಆನಾ ಹೆಸರು ತೆಗೆಯುತ್ತಾರೆ. 1840ರ ಸುಮಾರಿಗೆ ಸಿರಿವಂತರ ಮನೆಯಲ್ಲಿ ರಾತ್ರಿಯೂಟ ಎಂಟು ಗಂಟೆಯತ್ತ ಜಾರಿತ್ತು. ನಡುವಿನ ಹಸಿವಿಗೆ ಆಕೆ ಕೋಣೆಗೇ ಟೀ, ಬ್ರೆಡ್ಡು, ಬೆಣ್ಣೆ ತರಿಸಿಕೊಂಡಳಂತೆ. ಬೆಂಗಳೂರಿನ ದೊಡ್ಡ ಹೋಟೆಲುಗಳು ಮೂರಂತಸ್ತಿನ ತಟ್ಟೆಯಲ್ಲಿಟ್ಟು ಮಾರುವುದು ಈ ಠೀವಿಯನ್ನೇ. ನನಗೆ ಮುಖ್ಯವೆನಿಸುವುದು ಆಮೇಲಿನ ಸಂಗತಿ. 1864ರಲ್ಲಿ ಲಂಡನ್ನಿನ ಏರೇಟೆಡ್ ಬ್ರೆಡ್ ಕಂಪನಿ ತನ್ನ ಬ್ರೆಡ್ ಅಂಗಡಿಯಲ್ಲೇ ಟೀ ಕೊಡಲು ಶುರುಮಾಡಿತು. ಗಂಡಸರ ಜೊತೆಯಿಲ್ಲದೆ ಪೇಟೆಗೆ ಬಂದ ಹೆಂಗಸು ಯಾರ ಮಾತಿಗೂ ಗುರಿಯಾಗದೆ ಕೂರಬಹುದಾದ ಜಾಗಗಳು ಆ ಊರಲ್ಲಿ ತೀರಾ ಕಡಿಮೆಯಿದ್ದವು. ಗುಮಾಸ್ತೆಯರು, ಅಂಗಡಿಯಲ್ಲಿ ದುಡಿಯುವ ಹುಡುಗಿಯರು, ಮುಂದೆ ಮತದ ಹಕ್ಕಿಗೆ ಹೋರಾಡಿದವರು ಇಂಥ ಟೀ ಅಂಗಡಿಗಳಲ್ಲಿ ಕೂತರು. ಟೀಯಿಂದ ಸಮಾಜಕ್ಕೆ ಸಿಕ್ಕ ದೊಡ್ಡ ಲಾಭ ಆ ಕುರ್ಚಿ.

ಬೇಕರಿಯ ಟೀ ನಮಗೂ ಹೊಸದಲ್ಲ. ಹಾಸನದ ಕಡೆಯ ಅಯ್ಯಂಗಾರರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದರು, ವೆಸ್ಟ್ ಎಂಡ್ ಹೋಟೆಲಿನಲ್ಲಿ ತಂಗಿದ್ದ ಆಂಗ್ಲನಿಂದ ಬ್ರೆಡ್ಡಿನ ಕೆಲಸ ಕಲಿತರೆಂಬ ಮಾತಿದೆ. ಆ ಬಗೆಯ ಬೇಕರಿ ಈಗ ಕನಕಪುರ ರಸ್ತೆಯುದ್ದಕ್ಕೂ ಉಂಟು. ಆ ರಸ್ತೆಯಲ್ಲೇ ಇರುವ, ರಾಗಿ, ರೇಷ್ಮೆಯ ಸೀಮೆಯಾದ ಹಾರೋಹಳ್ಳಿ, ಕೈಗಾರಿಕಾ ಪ್ರದೇಶ ಬಂದಮೇಲೆ ಪಾಳಿಯ ಲೆಕ್ಕ ಕಲಿಯಿತು. ಸಂಜೆ ಗಾಜಿನ ಪೆಟ್ಟಿಗೆಯಲ್ಲಿ ಖಾರ ಬನ್ನು, ದಿಲ್‌ಪಸಂದ್. ಕೇಳಿದರೆ ಬನ್ನು ಸೀಳಿ ಬೆಣ್ಣೆ ಸವರಿ ಕೊಡುತ್ತಾರೆ. ಒಂದು ಟೀಯನ್ನು ಬೈಟು ಮಾಡಿ ಇಬ್ಬರು ಕುಡಿದರೂ ಯಾರೂ ಹುಬ್ಬೇರಿಸುವುದಿಲ್ಲ. ಲೋಟ ಹಿಡಿದು ರಸ್ತೆಬದಿ ನಿಂತವರು ಮಾತ್ರ ಬಹುಪಾಲು ಗಂಡಸರು. ಅಲ್ಲಿನ ಕಾರ್ಖಾನೆಗಳ ಹೆಣ್ಣುಮಕ್ಕಳು ನಿಂತರೂ ಪಾರ್ಸೆಲ್ಲಿಗಷ್ಟೇ. ಅವರೂ ಕೂರಲು ಅಲ್ಲೊಂದು ಬೆಂಚು ಬೇಕೆಂಬುದು ನನ್ನ ವಾದ.

ಇದು ಕಾಫಿಯ ನಾಡು, ಟೀ ಕಟ್ಟಿಕೊಂಡು ಏನು ವಾದ ಎನ್ನಬಹುದು. ಮನೆಗೆ ಬಂದವರಿಗೆ ಕಾಫಿ ಕೊಡುವುದು ನಿಜ. ಪಾಳಿ ಮುಗಿಸಿದವರು ಕೇಳುವುದು ಹೆಚ್ಚಾಗಿ ಟೀಯನ್ನೇ. ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು: ಹೆಂಗಸರಿಗೆ ಕೂರಲು ಪುರುಸೊತ್ತೆಲ್ಲಿ, ಮನೆಯಲ್ಲಿ ಮುದ್ದೆಗೆ ಎಸರಿಡಬೇಕಲ್ಲ? ಒಪ್ಪುತ್ತೇನೆ. ಲಂಡನ್ನಿನ ಗುಮಾಸ್ತೆಯರಿಗೂ ಮನೆಗೆಲಸ ತಪ್ಪಿರಲಿಲ್ಲ; ಸಿಕ್ಕ ಕಾಲು ಗಂಟೆಗೆ ಅವರಿಗೊಂದು ಮೇಜಿತ್ತು. ನಮ್ಮ ಹಳೆಯ ಹೋಟೆಲುಗಳಲ್ಲಿ ಫ್ಯಾಮಿಲಿ ರೂಮು ಇತ್ತಲ್ಲ ಎಂದರೆ, ಆ ಪರದೆಯ ಹಿಂದಿನ ಜಾಗ ಮನೆಯವರ ಜೊತೆ ಬಂದವರಿಗೆಂದೇ ಇದ್ದದ್ದು, ಸಂಬಳ ಎಣಿಸಿಕೊಂಡು ಗೆಳತಿಯೊಡನೆ ಬಂದವಳಿಗಲ್ಲ. ಕೂತವರು ಬೇಗ ಏಳುವುದಿಲ್ಲ, ಹತ್ತು ರೂಪಾಯಿಯ ಗಿರಾಕಿಗೆ ಬೆಂಚು ಹಾಕಿದರೆ ಬಾಡಿಗೆ ಹುಟ್ಟುವುದಿಲ್ಲ ಎಂಬುದು ಬೇಕರಿಯವರ ಲೆಕ್ಕ. ಬ್ರೆಡ್ ಕಂಪನಿಗೆ ಇದೇ ಲೆಕ್ಕ ಬೇರೆ ರೀತಿ ಕಂಡಿತ್ತು: ಟೀಗೆಂದು ಕೂತವಳು ಬನ್ನೂ ಕೇಳುತ್ತಾಳೆ. 1894ರಲ್ಲಿ ಪಿಕಡಿಲಿಯಲ್ಲಿ ಲಯನ್ಸ್ ಕಂಪನಿಯೂ ಟೀ ಅಂಗಡಿ ತೆರೆದು ಪೈಪೋಟಿಗಿಳಿಯಿತು.